ಸೊಂಟ ಹಿಡಿದಿದೆ, ಸ್ಕ್ಯಾನ್ ಮಾಡಿಸಲಾ ಡಾಕ್ಟರಮ್ಮ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೆನ್ನು, ಸೊಂಟ, ಕತ್ತಿನವೇ. ಅವರಲ್ಲೂ ಹೆಚ್ಚಿನವರು ಕೇಳಿರುವುದು ನೋವಿನ ಬಗ್ಗೆ ಅಲ್ಲ, ಸ್ಕ್ಯಾನಿನ ಬಗ್ಗೆ. ಹಾಗಾಗಿ ಸಕ್ಕರೆ, ಥೈರಾಯ್ಡ್ ಕೇಳಿದವರು ಇನ್ನೊಂದು ತಿಂಗಳು ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನನಗೆ 27 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹತ್ತು ದಿನದ ಹಿಂದೆ 20 ಲೀಟರ್ ನೀರಿನ ಕ್ಯಾನ್ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಈಗ ಸ್ವಲ್ಪ ಪರವಾಗಿಲ್ಲ, ಆದರೆ ಬಗ್ಗಿದರೆ ನೋವು. ನಮ್ಮ ಏರಿಯಾದ ಲ್ಯಾಬ್‌ನಲ್ಲಿ ಇಡೀ ಬೆನ್ನಿನ ಎಂಆರ್‌ಐಗೆ ಆಫರ್ ಇದೆ. ಒಂದು ಸಲ ಮಾಡಿಸಿಬಿಟ್ಟರೆ ಮನಸ್ಸಿಗೆ ಸಮಾಧಾನ ಅಲ್ವಾ?

ಉತ್ತರ: ಬೇಡ ತಮ್ಮಾ. ಆಫರ್ ಸೀರೆಗೆ ಬಂದರೆ ಸರಿ, ಸ್ಕ್ಯಾನಿಗೆ ಬಂದರೆ ಸ್ವಲ್ಪ ಅನುಮಾನ ಇರಲಿ.

ನಿಮ್ಮ ಪತ್ರ ಓದಿ ನಾನು ಮೊದಲು ಹುಡುಕಿದ್ದು ಬೇರೆ ವಿಷಯ. ಜ್ವರ ಇದೆಯಾ? ಸುಮ್ಮಸುಮ್ಮನೆ ತೂಕ ಇಳಿದಿದೆಯಾ? ಬಿದ್ದು ಪೆಟ್ಟಾಗಿದೆಯಾ? ಕಾಲಿನಲ್ಲಿ ಶಕ್ತಿ ಕಡಿಮೆಯಾಗಿದೆಯಾ? ಮೂತ್ರ, ಮಲದ ಹಿಡಿತ ತಪ್ಪಿದೆಯಾ? ಹಿಂದೆ ಯಾವತ್ತಾದರೂ ಕ್ಯಾನ್ಸರ್ ಆಗಿತ್ತಾ? ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದೀರಾ? ನೀವು ಬರೆದದ್ದರಲ್ಲಿ ಇದ್ಯಾವುದೂ ಇಲ್ಲ, ಮೇಲಾಗಿ ಹತ್ತೇ ದಿನಕ್ಕೆ ನೋವು ಇಳಿಯುತ್ತಿದೆ. ಇಂಥ ಸೊಂಟ ನೋವು ಹೆಚ್ಚಿನವರಿಗೆ ನಾಲ್ಕರಿಂದ ಆರು ವಾರದಲ್ಲಿ ತಾನಾಗಿ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಆ ಆರು ವಾರದೊಳಗೆ, ಅಪಾಯದ ಗುರುತು ಯಾವುದೂ ಇಲ್ಲದಿದ್ದರೆ, ಸ್ಕ್ಯಾನ್ ಬೇಡ ಅಂತಲೇ ಹೊರದೇಶದ ದೊಡ್ಡ ವೈದ್ಯ ಸಂಘಗಳು ಕೂಡ ಹೇಳುವುದು. ದುಡ್ಡು ಉಳಿಸಲಿಕ್ಕೆ ಮಾತ್ರ ಅಂದುಕೊಳ್ಳಬೇಡಿ.

ಸಮಾಧಾನದ ಮಾತಿಗೆ ಬರೋಣ. ಅಮೆರಿಕದಲ್ಲಿ 380 ಜನ ಬೆನ್ನು ನೋವಿನವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಕ್ಸ್‌ರೇ, ಇನ್ನೊಂದಕ್ಕೆ ಎಂಆರ್‌ಐ ಮಾಡಿಸಿ ಒಂದು ವರ್ಷ ನೋಡಿದರು. ಅದು 2003ರಲ್ಲಿ ಪ್ರಕಟವಾಯಿತು. ಎಂಆರ್‌ಐ ಆದವರಿಗೆ ಸಮಾಧಾನ ಜಾಸ್ತಿ ಆಗಿತ್ತು, ನಿಜ. ಆದರೆ ವರ್ಷದ ಕೊನೆಗೆ ಎರಡೂ ಗುಂಪಿನವರ ನೋವು, ಓಡಾಟ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕಂಡದ್ದು ಇನ್ನೊಂದು ಕಡೆ: ಎಕ್ಸ್‌ರೇ ಗುಂಪಿನಲ್ಲಿ 4 ಜನಕ್ಕೆ ಬೆನ್ನಿನ ಆಪರೇಷನ್ ಆಗಿದ್ದರೆ ಎಂಆರ್‌ಐ ಗುಂಪಿನಲ್ಲಿ 10 ಜನಕ್ಕೆ ಆಗಿತ್ತು. ಸಣ್ಣ ಸಂಖ್ಯೆ, ಇದರ ಮೇಲೆ ದೊಡ್ಡ ಭಾಷಣ ಮಾಡುವುದಿಲ್ಲ. ಆದರೂ ಒಂದು ಸಲ ಫೋಟೋದಲ್ಲಿ ಏನೋ ಕಂಡರೆ ಅದನ್ನು ಹಾಗೇ ಬಿಡುವುದು ರೋಗಿಗೂ ಕಷ್ಟ, ಡಾಕ್ಟರಿಗೂ ಕಷ್ಟ.

ಹಾಸಿಗೆ ಹಿಡಿಯಬೇಡಿ, ನಡೆದಾಡಿ. ಬಿಸಿ ನೀರಿನ ಶಾಖ ಕೊಡಿ. ನೋವಿನ ಮಾತ್ರೆ ಬೇಕಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ ನಾಲ್ಕು ದಿನ ತೆಗೆದುಕೊಳ್ಳಿ, ಮೆಡಿಕಲ್ ಶಾಪಿನವರ ಮಾತು ಕೇಳಿ ತಿಂಗಳುಗಟ್ಟಲೆ ಬೇಡ. ಆರು ವಾರ ಕಳೆದರೂ ಹೀಗೇ ಇದ್ದರೆ ಮತ್ತೆ ಬರೆಯಿರಿ. ಕ್ಯಾನ್ ಎತ್ತಲು ಸದ್ಯಕ್ಕೆ ರೂಮ್‌ಮೇಟ್‌ಗೆ ಹೇಳಿ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಶಿವಮೊಗ್ಗ ಜಿಲ್ಲೆಯ ಶಾಲೆಯೊಂದರಲ್ಲಿ ಟೀಚರ್, 46 ವರ್ಷ. ಸೊಂಟ ನೋವಿಗೆ ಎಂಆರ್‌ಐ ಮಾಡಿಸಿದೆ. ರಿಪೋರ್ಟಿನಲ್ಲಿ ಎಲ್4-ಎಲ್5 ಮತ್ತು ಎಲ್5-ಎಸ್1 ಡಿಸ್ಕ್ ಬಲ್ಜ್, ಡಿಸ್ಕ್ ಡೆಸಿಕೇಶನ್, ಲಂಬಾರ್ ಲಾರ್ಡೋಸಿಸ್ ಕಡಿಮೆ, ಡಿ12ರಲ್ಲಿ ಹೆಮಾಂಜಿಯೋಮ ಅಂತೆಲ್ಲ ಇದೆ. ಓದಿ ಕೈಕಾಲು ತಣ್ಣಗಾಯಿತು. ಪಕ್ಕದ ಮನೆಯವರು "ಗ್ಯಾಪ್ ಬಂದಿದೆ, ಇನ್ನು ಬಗ್ಗಲೇಬೇಡಿ" ಅಂದರು. ಕಸ ಗುಡಿಸುವುದು, ರಂಗೋಲಿ, ಎಲ್ಲ ಬಿಟ್ಟಿದ್ದೇನೆ. ನೋವು ಸೊಂಟದಲ್ಲೇ ಇದೆ, ಕಾಲಿಗೆ ಇಳಿಯುವುದಿಲ್ಲ. ಆಪರೇಷನ್ ಬೇಕಾಗುತ್ತದಾ?

ಉತ್ತರ: ನೀವು ಬರೆದದ್ದು ನೋಡಿದರೆ ಆಪರೇಷನ್ ಮಾತೇ ಬರುವುದಿಲ್ಲ. ರಿಪೋರ್ಟನ್ನು ಒಂದೊಂದೇ ಸಾಲು ನೋಡೋಣ. ಎಲ್4, ಎಸ್1, ಡಿ12 ಅನ್ನುವುದೆಲ್ಲ ಬೆನ್ನುಮೂಳೆಯ ಮೂಳೆಗಳ ನಂಬರು, ಅಷ್ಟೇ.

ಡೆಸಿಕೇಶನ್ ಅಂದರೆ ಡಿಸ್ಕ್ ಒಣಗಿದೆ ಅಂತ. ಬೆನ್ನಿನ ಮೂಳೆಗಳ ಮಧ್ಯೆ ಇರುವ ಮೆತ್ತೆ ಅದು, ಒಳಗೆ ನೀರಿನಂಶ ಇರುವ ಲೋಳೆ, ಸುತ್ತ ಗಟ್ಟಿ ನಾರಿನ ಪಟ್ಟಿ. ವಯಸ್ಸಾದಂತೆ ನೀರು ಕಡಿಮೆಯಾಗುತ್ತದೆ. ಆಗ ಮೆತ್ತೆ ಸ್ವಲ್ಪ ಚಪ್ಪಟೆಯಾಗಿ ಅಂಚು ಆಚೆ ಉಬ್ಬುತ್ತದೆ, ಅದಕ್ಕೇ ಬಲ್ಜ್ ಅನ್ನುವುದು. ನಿಮ್ಮ ಪಕ್ಕದ ಮನೆಯವರು ಹೇಳುವ "ಗ್ಯಾಪ್" ಅನ್ನುವ ರೋಗ ಯಾವ ಪುಸ್ತಕದಲ್ಲೂ ಇಲ್ಲ. ಮೂಳೆಗಳ ಮಧ್ಯೆ ಗ್ಯಾಪ್ ಇರಲೇಬೇಕು, ಡಿಸ್ಕ್ ಕೂರುವುದೇ ಅಲ್ಲಿ. ವಯಸ್ಸಾದರೆ ಅದು ಕಡಿಮೆಯಾಗುತ್ತದೆಯೇ ಹೊರತು ಹೊಸದಾಗಿ ಬರುವುದಿಲ್ಲ.

ಈಗ ಒಂದು ಲೆಕ್ಕ ಕೇಳಿ. ಬೆನ್ನು ನೋವು ಒಂಚೂರೂ ಇಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಬೇರೆ ಬೇರೆ ಅಧ್ಯಯನಗಳಿಂದ ಒಟ್ಟು ಮಾಡಿ 2015ರಲ್ಲಿ ಪ್ರಕಟಿಸಿದರು. 20ರ ವಯಸ್ಸಿನವರಲ್ಲೇ ನೂರಕ್ಕೆ 37 ಜನರ ಡಿಸ್ಕ್ ಸವೆದಿತ್ತು. 40ರ ವಯಸ್ಸಿಗೆ ಅದು 68, ಬಲ್ಜ್ ಇದ್ದವರು 50. 80ಕ್ಕೆ ಬಂದರೆ ಸವೆತ 96. ಮತ್ತೆ ಹೇಳುತ್ತೇನೆ, ಇವರ್ಯಾರಿಗೂ ನೋವಿರಲಿಲ್ಲ. ನಿಮ್ಮ ಸ್ಟಾಫ್ ರೂಮಿನಲ್ಲಿ ನಿಮ್ಮ ವಯಸ್ಸಿನ ಟೀಚರುಗಳನ್ನೆಲ್ಲ ಸಾಲಾಗಿ ಮಿಷಿನ್ನಿಗೆ ಹಾಕಿದರೆ ಅರ್ಧ ಜನರ ರಿಪೋರ್ಟಿನಲ್ಲಿ ನಿಮ್ಮದೇ ಸಾಲು ಇರುತ್ತದೆ. ತಲೆಕೂದಲು ನರೆಯುವುದನ್ನು ನಾವು ರೋಗ ಅನ್ನುತ್ತೇವಾ? ಇದು ಒಳಗಿನ ನರೆಕೂದಲು.

ಲಾರ್ಡೋಸಿಸ್ ಅಂದರೆ ಸೊಂಟದ ಸಹಜ ಬಾಗು. ಸ್ನಾಯು ಬಿಗಿದಿದ್ದರೆ, ಅಥವಾ ಮಿಷಿನ್ನಿನಲ್ಲಿ ಮಂಡಿ ಕೆಳಗೆ ದಿಂಬು ಇಟ್ಟು ಮಲಗಿಸಿದ್ದರೂ ಅದು ನೇರವಾದ ಹಾಗೆ ಕಾಣುತ್ತದೆ. ಹೆಮಾಂಜಿಯೋಮ ಎಂಬ ಹೆಸರು ಕೇಳಿ ಗಡ್ಡೆ ಅಂತ ಹೆದರಿದ್ದೀರಿ ಅನಿಸುತ್ತದೆ. ಅದು ಮೂಳೆಯೊಳಗಿನ ರಕ್ತನಾಳಗಳ ಸಣ್ಣ ಗೊಂಚಲು, ಹತ್ತರಲ್ಲಿ ಒಬ್ಬರಿಗೆ ಇರುತ್ತದೆ, ಬಹುತೇಕ ಎಲ್ಲರಿಗೂ ಜೀವನಪೂರ್ತಿ ತೆಪ್ಪಗೆ ಇರುತ್ತದೆ.

ಇನ್ನೊಂದು ಕಥೆ ಹೇಳಲೇಬೇಕು, ನನಗೆ ತುಂಬಾ ಇಷ್ಟ ಇದು. ಸೊಂಟದಿಂದ ಬಲಗಾಲಿಗೆ ನೋವು ಇಳಿಯುತ್ತಿದ್ದ 63 ವರ್ಷದ ಒಬ್ಬ ಹೆಂಗಸನ್ನು ನ್ಯೂಯಾರ್ಕ್ ಕಡೆಯ 10 ಸ್ಕ್ಯಾನ್ ಸೆಂಟರುಗಳಿಗೆ ಮೂರು ವಾರದೊಳಗೆ ಕಳಿಸಿದರು. ಹತ್ತು ರಿಪೋರ್ಟ್ ಬಂದವು. ಎಲ್ಲ ಸೇರಿ 49 ಬೇರೆ ಬೇರೆ ದೋಷಗಳ ಪಟ್ಟಿ. ಹತ್ತೂ ರಿಪೋರ್ಟಿನಲ್ಲಿ ತಪ್ಪದೆ ಬಂದ ದೋಷ ಎಷ್ಟು ಗೊತ್ತಾ? ಒಂದೂ ಇಲ್ಲ. ಬೆನ್ನು ಒಂದೇ, ಜಾತಕ ಬರೆದವರು ಹತ್ತು ಜನ! ರೇಡಿಯಾಲಜಿಸ್ಟರನ್ನು ಬಯ್ಯಲು ಇದನ್ನು ಹೇಳುತ್ತಿಲ್ಲ. ಅವರು ಕಂಡದ್ದನ್ನೆಲ್ಲ ಬರೆಯಬೇಕು, ಅದು ಅವರ ಕೆಲಸ. ಅದರಲ್ಲಿ ಯಾವುದು ನಿಮ್ಮ ನೋವಿಗೆ ಸಂಬಂಧಪಟ್ಟಿದ್ದು ಅಂತ ಹೇಳಬೇಕಾದವರು ನಿಮ್ಮನ್ನು ಮುಟ್ಟಿ, ಕಾಲೆತ್ತಿಸಿ, ನಡೆಸಿ ನೋಡಿದ ಡಾಕ್ಟರು. ಅವರು ಹಾಗೆ ಮಾಡಿದರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ನೋವು ಪೃಷ್ಠ ದಾಟಿ ಮಂಡಿ ಕೆಳಗೆ, ಪಾದದವರೆಗೆ ಕರೆಂಟ್ ಹೊಡೆದ ಹಾಗೆ ಇಳಿದಿದ್ದರೆ ಬೇರೆ ಮಾತು. ಅದು ನರ ಒತ್ತಿದ ಲಕ್ಷಣ. ಅಲ್ಲಿ ಕೂಡ, ಕಾಲಿನ ಶಕ್ತಿ ಸರಿ ಇದ್ದರೆ ಆರು ವಾರದ ಮಟ್ಟಿಗೆ ಕಾಯುವುದೇ ರೂಢಿ. ಆಚೆ ಚಿಮ್ಮಿದ ಡಿಸ್ಕ್ ಎಷ್ಟೋ ಜನರಲ್ಲಿ ತಾನಾಗಿ ಕರಗಿ ಕುಗ್ಗುತ್ತದೆ. ತಮಾಷೆ ಏನೆಂದರೆ ದೊಡ್ಡದಾಗಿ ಚಿಮ್ಮಿದ್ದೇ ಜಾಸ್ತಿ ಕರಗುವುದು, ಸಣ್ಣ ಬಲ್ಜ್ ಹಾಗೇ ಇರುತ್ತದೆ. ಕಾಯ್ದರೂ ನೋವು ಬಗ್ಗದೆ ಇಂಜೆಕ್ಷನ್ನೋ ಆಪರೇಷನ್ನೋ ಯೋಚನೆ ಬಂದಾಗ ಎಂಆರ್‌ಐ ಬೇಕೇ ಬೇಕು, ಎಲ್ಲಿ ಚುಚ್ಚಬೇಕು ಅಂತ ಅದೇ ಹೇಳುವುದು. ಹಾಗೆಯೇ ಹಿಮ್ಮಡಿ ಮೇಲೆ ನಿಂತು ಪಾದ ಎತ್ತಲು ಆಗದಿದ್ದರೆ, ನಡೆಯುವಾಗ ಪಾದದ ತುದಿ ನೆಲಕ್ಕೆ ಎಳೆಯುತ್ತಿದ್ದರೆ ಕಾಯುವಂತಿಲ್ಲ.

ನಿಮಗೆ ಅದ್ಯಾವುದೂ ಇಲ್ಲ. ನಾಳೆಯಿಂದ ರಂಗೋಲಿ ಶುರು ಮಾಡಿ. ಮೊದಲು ಎಂಟು ಚುಕ್ಕಿಯದು ಹಾಕಿ, ಆಮೇಲೆ ಜಾಸ್ತಿ ಮಾಡಿ.

ಪ್ರಶ್ನೆ: ಬೆನ್ನಿನ ಎಕ್ಸ್‌ರೇಯಿಂದ ಕ್ಯಾನ್ಸರ್ ಬರುತ್ತದಾ? ನನಗೆ ಮೂರು ಸಲ ತೆಗೆದಿದ್ದಾರೆ. — ಓದುಗರು, ತುಮಕೂರು

ಉತ್ತರ: ಮೂರಕ್ಕೆ ಹೆದರಬೇಡಿ. ಸೊಂಟದ ಎಕ್ಸ್‌ರೇಯಲ್ಲಿ ಸುಮಾರು 1.5 ಮಿಲಿಸೀವರ್ಟ್ ವಿಕಿರಣ. ಸುಮ್ನೆ ಭೂಮಿ ಮೇಲೆ ಬದುಕಿದ್ದಕ್ಕೇ ವರ್ಷಕ್ಕೆ ಸರಾಸರಿ 2.4ರಷ್ಟು ನಮ್ಮ ಮೈಗೆ ತಾಗುತ್ತದೆ. ಸೊಂಟದ ಸಿಟಿ ಸ್ಕ್ಯಾನಿನಲ್ಲಿ ಎಕ್ಸ್‌ರೇಯ ನಾಲ್ಕೈದು ಪಟ್ಟು. ಎಂಆರ್‌ಐಯಲ್ಲಿ ವಿಕಿರಣವೇ ಇಲ್ಲ, ಅದು ಅಯಸ್ಕಾಂತದ ಕೆಲಸ. ಗರ್ಭಿಣಿ ಆಗಿದ್ದರೆ, ಆಗಿರುವ ಅನುಮಾನ ಇದ್ದರೂ, ಮೊದಲೇ ಹೇಳಿಬಿಡಿ. ನನ್ನ ತಕರಾರು ವಿಕಿರಣದ್ದಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಡಿಸ್ಕೂ ಕಾಣುವುದಿಲ್ಲ, ನರವೂ ಕಾಣುವುದಿಲ್ಲ. ಮೂರು ಸಲ ತೆಗೆದು ಏನು ಹುಡುಕಿದರು ಅಂತ ಕೇಳಿದಿರಾ?

ಪ್ರಶ್ನೆ: ನಮ್ಮ ಅತ್ತೆಗೆ 71. ಕೀಲು ನೋವಿಗೆ ಎಂಟು ವರ್ಷದಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋದ ವಾರ ಬರೀ ಒಂದು ಕೊಡ ನೀರು ಎತ್ತಿದ್ದಕ್ಕೆ ಬೆನ್ನಿನ ಮಧ್ಯೆ ಛಳ್ ಅಂದಿತಂತೆ, ಆಗಿನಿಂದ ಮಗ್ಗುಲು ಬದಲಿಸಲೂ ಆಗುತ್ತಿಲ್ಲ. ನೀವು ಯಾವಾಗಲೂ ಆರು ವಾರ ಕಾಯಿರಿ ಅನ್ನುತ್ತೀರಿ, ಅದಕ್ಕೇ ಕಾಯುತ್ತಿದ್ದೇವೆ. — ಸೊಸೆ, ಮಂಡ್ಯ

ಉತ್ತರ: ಅಯ್ಯೋ, ಇವರಿಗೆ ಕಾಯಬೇಡಿ! ಆರು ವಾರದ ಮಾತು ಎಲ್ಲರಿಗೂ ಅಲ್ಲ. ವಯಸ್ಸು, ಸ್ಟೀರಾಯ್ಡ್, ಸಣ್ಣ ಭಾರಕ್ಕೇ ದಿಢೀರ್ ನೋವು, ಈ ಮೂರೂ ಸೇರಿದರೆ ಮೂಳೆ ಟೊಳ್ಳಾಗಿ ಒಂದು ಕಶೇರು ಕುಸಿದಿರಬಹುದು. ಬೆನ್ನುಮೂಳೆಯ ಒಂದೊಂದು ಬಿಡಿ ಮೂಳೆಗೆ ಕಶೇರು ಅನ್ನುತ್ತಾರೆ. ಮೊದಲು ಸಾದಾ ಎಕ್ಸ್‌ರೇ ಸಾಕು, ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಕುಸಿತ ಕಂಡರೆ ಅದು ಹೊಸದಾ ಹಳೆಯದಾ, ಬರೀ ಟೊಳ್ಳು ಮೂಳೆಯಾ ಇನ್ನೇನಾದರೂ ಇದೆಯಾ ಅಂತ ತಿಳಿಯಲು ಎಂಆರ್‌ಐ ಹೇಳಬಹುದು. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಪರೀಕ್ಷೆ ಆಮೇಲೆ. ಸ್ಟೀರಾಯ್ಡ್ ಮಾತ್ರೆಯನ್ನು ಮಾತ್ರ ಹೆದರಿ ಏಕಾಏಕಿ ನಿಲ್ಲಿಸಬೇಡಿ, ಅದು ಇನ್ನೊಂದು ಅಪಾಯ.

ಹಾಗೆಯೇ, ಹಿಂದೆ ಸ್ತನ, ಪ್ರಾಸ್ಟೇಟ್, ಶ್ವಾಸಕೋಶ ಎಲ್ಲಿಯದೇ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನು ನೋವು ಬಂದರೆ ಅವರೂ ಕಾಯಬಾರದು. "ಅದು ವಾಸಿಯಾಗಿ ಹತ್ತು ವರ್ಷ ಆಯಿತಲ್ಲ" ಅಂತ ಡಾಕ್ಟರಿಗೆ ಹೇಳದೆ ಬಿಡುವವರನ್ನು ನೋಡಿದ್ದೇನೆ.

ಪ್ರಶ್ನೆ: ನಾವು ಚಳ್ಳಕೆರೆ ಕಡೆಯ ಕುರಿಗಾರರು. ಅಣ್ಣನಿಗೆ ಮೂರು ತಿಂಗಳಿಂದ ಬೆನ್ನು ನೋವು. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ರಾತ್ರಿ ಬೆವರುತ್ತಾನೆ, ಪ್ಯಾಂಟು ಸಡಿಲ ಆಗಿದೆ. ಪಟ್ಟು ಹಾಕಿಸಿದೆವು, ಎಣ್ಣೆ ತಿಕ್ಕಿಸಿದೆವು. ಎಕ್ಸ್‌ರೇ ನೋಡಿ ಏನೂ ಇಲ್ಲ ಅಂದರು.

ಉತ್ತರ: ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಏನೂ ಇಲ್ಲ ಅಂತಲ್ಲ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಬಿಡದ ಬೆನ್ನು ನೋವು: ನಮ್ಮ ದೇಶದಲ್ಲಿ ಇಷ್ಟು ಕೇಳಿದ ಕೂಡಲೇ ಬೆನ್ನುಮೂಳೆಯ ಕ್ಷಯ, ಅಂದರೆ ಟಿಬಿ ನೆನಪಾಗಬೇಕು. ಕೆಮ್ಮು ಇಲ್ಲದೆಯೂ ಇದು ಬರುತ್ತದೆ. ಇಂಗ್ಲೆಂಡಿನ ಸರ್ಜನ್ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿದ್ದಕ್ಕೆ ಈಗಲೂ ಪಾಟ್ಸ್ ಸ್ಪೈನ್ ಅನ್ನುತ್ತಾರೆ. ಮೂಳೆ ಸಾಕಷ್ಟು ತಿಂದುಹೋಗುವವರೆಗೂ ಎಕ್ಸ್‌ರೇಯಲ್ಲಿ ಗೊತ್ತಾಗದೇ ಇರಬಹುದು, ಎಂಆರ್‌ಐಯಲ್ಲಿ ಮೊದಲೇ ಕಾಣುತ್ತದೆ. ಅಲ್ಲಿಗೇ ಮುಗಿಯುವುದಿಲ್ಲ, ಸೂಜಿ ಹಾಕಿ ಆ ಜಾಗದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಒಳ್ಳೆಯದು. ಟಿಬಿ ಅಂತ ಖಚಿತವಾದರೆ ಸುಮಾರು ಒಂದು ವರ್ಷ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕುರಿ ಸಾಕುತ್ತೀರಿ ಅಂದದ್ದು ಒಳ್ಳೆಯದಾಯಿತು. ಕುರಿ ಈಯುವಾಗ ಬರಿಗೈಯಲ್ಲಿ ಮರಿ ಎಳೆಯುವುದು, ಕಾಯಿಸದ ಹಾಲು ಕುಡಿಯುವುದು ಇದೆಯಾ? ಬ್ರುಸೆಲ್ಲಾ ಎಂಬ ಸೋಂಕು ಹಾಗೆ ಬರುತ್ತದೆ, ಅದೂ ಬಿಟ್ಟುಬಿಟ್ಟು ಜ್ವರ, ಬೆವರು, ಬೆನ್ನು ನೋವು ಅಂತಲೇ ಶುರುವಾಗುತ್ತದೆ. ಅದಕ್ಕೆ ರಕ್ತ ಪರೀಕ್ಷೆ ಇದೆ, ಮದ್ದೂ ಬೇರೆ. ಕುರಿಯ ವಿಷಯ ಡಾಕ್ಟರಿಗೆ ನೀವಾಗಿಯೇ ಹೇಳಿ, ಅವರಿಗೆ ಕೇಳಲು ತೋಚದೇ ಇರಬಹುದು. ಇದೇ ವಾರ ಜಿಲ್ಲಾಸ್ಪತ್ರೆಗೆ ಹೋಗಿ. ಪಟ್ಟು, ತಿಕ್ಕುವುದು ಇವತ್ತೇ ನಿಲ್ಲಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಎರಡು ತಿಂಗಳಿಂದ ಸೊಂಟದಿಂದ ಕಾಲಿಗೆ ಚಳುಕು. ಮೊನ್ನೆಯಿಂದ ಎರಡೂ ಕಾಲು ಜೋಮು. ಮೂತ್ರಕ್ಕೆ ಎಷ್ಟು ಹೊತ್ತು ನಿಂತರೂ ಸರಿಯಾಗಿ ಬರುವುದಿಲ್ಲ, ಕೂರುವ ಜಾಗ ಮರಗಟ್ಟಿದ ಹಾಗೆ ಅನ್ನುತ್ತಾರೆ. ಪ್ರಾಸ್ಟೇಟ್ ಇರಬಹುದಾ?

ಉತ್ತರ: ಈ ಪತ್ರ ಓದಿದ ದಿನವೇ ಪತ್ರಿಕೆಯವರಿಂದ ಫೋನ್ ಮಾಡಿಸಿ, ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ ಅಂತ ಹೇಳಿಸಿದೆ. ಇಲ್ಲಿ ಹಾಕುತ್ತಿರುವುದು ಬೇರೆಯವರಿಗಾಗಿ. ಬೆನ್ನುಹುರಿ ಸೊಂಟದ ಮೇಲ್ಭಾಗಕ್ಕೇ ಮುಗಿಯುತ್ತದೆ, ಅಲ್ಲಿಂದ ಕೆಳಗೆ ನರಗಳು ಕುದುರೆ ಬಾಲದ ಹಾಗೆ ಗೊಂಚಲಾಗಿ ಇಳಿಯುತ್ತವೆ. ಆ ಗೊಂಚಲಿಗೇ ಡಿಸ್ಕ್ ಒತ್ತಿದರೆ ಹೀಗಾಗುತ್ತದೆ. ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಎರಡೂ ಕಾಲಿಗೆ ಹರಡುವುದು. ಇದಕ್ಕೆ ಎಂಆರ್‌ಐ ಅದೇ ದಿನ ಆಗಬೇಕು, ಒತ್ತಡ ಕಂಡರೆ ಆಪರೇಷನ್ ತಡ ಮಾಡದೆ ಆಗಬೇಕು. ತಡವಾದರೆ ಮೂತ್ರದ ಹಿಡಿತ ವಾಪಸ್ ಬರದೇ ಹೋಗಬಹುದು. ದಯವಿಟ್ಟು ಇಂಥದ್ದನ್ನು ಪತ್ರಿಕೆಗೆ ಬರೆಯುತ್ತಾ ಕೂರಬೇಡಿ.

ಪ್ರಶ್ನೆ: ಅಪ್ಪನಿಗೆ 64, ರಿಟೈರ್ ಆಗಿದ್ದಾರೆ, ಧಾರವಾಡದಲ್ಲಿದ್ದೇವೆ. ಕತ್ತು ನೋವು ಅಂಥದ್ದೇನಿಲ್ಲ, ಸ್ವಲ್ಪ ಬಿಗಿತ ಅಷ್ಟೇ. ಆದರೆ ಈಗೀಗ ಅಂಗಿ ಗುಂಡಿ ಹಾಕಲು ತಡಕಾಡುತ್ತಾರೆ, ಸಹಿ ಬದಲಾಗಿದೆ ಅಂತ ಬ್ಯಾಂಕಿನವರು ವಾಪಸ್ ಕಳಿಸಿದರು. ನಡೆಯುವಾಗ ಚಪ್ಪಲಿ ಕಳಚಿಕೊಂಡರೂ ಅವರಿಗೆ ಗೊತ್ತಾಗುವುದಿಲ್ಲ. ವಯಸ್ಸಿನದ್ದು ಅಂತ ಬಿಡಬಹುದಾ?

ಉತ್ತರ: ಬಿಡಬೇಡಿ. ಈ ಸಲ ಬಂದ ಕತ್ತಿನ ಪತ್ರಗಳಲ್ಲಿ ನೋವು ಅತಿ ಕಡಿಮೆ ಇರುವುದು ನಿಮ್ಮಪ್ಪನಿಗೆ, ಸ್ಕ್ಯಾನ್ ಬೇಗ ಬೇಕಿರುವುದೂ ಅವರಿಗೇ. ಕತ್ತಿನ ಮಟ್ಟದಲ್ಲಿ ಬೆನ್ನುಹುರಿಗೇ ಒತ್ತಡ ಬಿದ್ದರೆ ಕೈಯ ನಯವಾದ ಕೆಲಸ ಮೊದಲು ಕೆಡುತ್ತದೆ: ಗುಂಡಿ, ಸಹಿ, ಸೂಜಿಗೆ ದಾರ. ಆಮೇಲೆ ನಡಿಗೆ ತಪ್ಪುತ್ತದೆ. ಚಪ್ಪಲಿ ಜಾರಿದ್ದು ಗೊತ್ತಾಗದಿರುವುದು ನಮ್ಮಲ್ಲಿ ನರರೋಗ ತಜ್ಞರು ತಪ್ಪದೆ ಕೇಳುವ ಪ್ರಶ್ನೆ. ತಲೆ ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟ್ ಹರಿದ ಹಾಗಾಗುತ್ತದಾ ಅಂತಲೂ ಕೇಳಿ. ನರರೋಗ ತಜ್ಞರಿಗೆ ತೋರಿಸಿ, ಕತ್ತಿನ ಎಂಆರ್‌ಐ ಮಾಡಿಸಿ. ಕಾರಣ ಬೇರೆಯೂ ಇರಬಹುದು, ವಿಟಮಿನ್ ಬಿ12 ಕಡಿಮೆ ಇದ್ದರೂ ನಡಿಗೆ ಹೀಗಾಗುತ್ತದೆ, ಆದರೆ ತಿಳಿಯುವುದಕ್ಕೆ ಪರೀಕ್ಷೆ ಆಗಲೇಬೇಕು.

ಇನ್ನು, ಲ್ಯಾಪ್‌ಟಾಪ್ ನೋಡಿ ಕತ್ತು ಹಿಡಿದಿದೆ, ಕೈಗೆ ಏನೂ ತೊಂದರೆ ಇಲ್ಲ ಅಂತ ಬರೆದ ಆರು ಮಂದಿಗೆ ಒಂದೇ ಉತ್ತರ: ಮೇಲೆ ಸಾಫ್ಟ್‌ವೇರ್ ತಮ್ಮನಿಗೆ ಹೇಳಿದ್ದೇ. ಜಪಾನಿನಲ್ಲಿ ಕತ್ತು ನೋವಿಲ್ಲದ 1211 ಜನರಿಗೆ ಎಂಆರ್‌ಐ ಮಾಡಿದಾಗ ನೂರಕ್ಕೆ 87ಕ್ಕಿಂತ ಜಾಸ್ತಿ ಜನರಲ್ಲಿ ಡಿಸ್ಕ್ ಉಬ್ಬಿತ್ತು. ನಿಮ್ಮದೂ ಉಬ್ಬಿರುತ್ತದೆ ಬಿಡಿ.

ಪ್ರಶ್ನೆ: ಅಡಿಕೆ ಮರದಿಂದ ಬಿದ್ದು ಕತ್ತು ನೋವು ಅಂದವನನ್ನು ಬೈಕಿನಲ್ಲಿ ಕೂರಿಸಿ ಕರೆದುಕೊಂಡು ಹೋದೆವು. ಡಾಕ್ಟರು ನಮಗೇ ಬೈದರು. ನಮ್ಮ ತಪ್ಪೇನು? — ಶಿರಸಿ

ಉತ್ತರ: ಬೈಕು. ಎತ್ತರದಿಂದ ಬಿದ್ದವರ ಕತ್ತು ಮುರಿದಿದೆ ಅಂತಲೇ ತಿಳಿದು, ಅಲ್ಲಾಡಿಸದೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಎಷ್ಟು ಎತ್ತರ ಅಂದಿರಾ? ಆಸ್ಪತ್ರೆಗಳಲ್ಲಿ ಬಳಸುವ ಕೆನಡಾದ ಒಂದು ನಿಯಮದ ಪ್ರಕಾರ ಮೂರು ಅಡಿ ಅಥವಾ ಐದು ಮೆಟ್ಟಿಲಿನಿಂದ ಬಿದ್ದರೂ ಸ್ಕ್ಯಾನ್ ಬೇಕು, 65 ದಾಟಿದವರಿಗೆ, ಕೈಕಾಲು ಜೋಮು ಹಿಡಿದವರಿಗೆ ಕೂಡ. ಅಡಿಕೆ ಮರ ಎಷ್ಟು ಅಡಿ ಅಂತ ನಿಮಗೇ ಗೊತ್ತು. ಇಂಥ ಪೆಟ್ಟಿಗೆ ಸಾಮಾನ್ಯವಾಗಿ ಸಿಟಿ ಸ್ಕ್ಯಾನೇ ಸರಿ.

ಪ್ರಶ್ನೆ: 24 ವರ್ಷ. ಒಂದೂವರೆ ವರ್ಷದಿಂದ ಸೊಂಟ ನೋವು, ಬೆಳಿಗ್ಗೆ ಎದ್ದಾಗ ಒಂದು ಗಂಟೆ ಕಟ್ಟಿಗೆಯ ಹಾಗೆ. ಓಡಾಡಿದರೆ ಸಡಿಲವಾಗುತ್ತದೆ, ಮಲಗಿದರೆ ಜಾಸ್ತಿ. ಸೊಂಟದ ಎಂಆರ್‌ಐ ನಾರ್ಮಲ್. ಮನಸ್ಸಿನದ್ದು ಅಂದರು.

ಉತ್ತರ: ಮನಸ್ಸಿನದ್ದಲ್ಲ, ಸ್ಕ್ಯಾನ್ ತೆಗೆದ ಜಾಗ ಬೇರೆ ಅಷ್ಟೇ. ಓಡಾಡಿದರೆ ಕಡಿಮೆ, ವಿಶ್ರಾಂತಿಗೆ ಜಾಸ್ತಿ ಅಂದರೆ ಉರಿಯೂತದ ಜಾತಿಯ ನೋವು ಇರಬಹುದು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುತ್ತಾರೆ. ಅದು ಶುರುವಾಗುವುದು ಸೊಂಟದ ಕೆಳಗೆ, ಬೆನ್ನುಮೂಳೆ ಮತ್ತು ಪೃಷ್ಠದ ಮೂಳೆ ಸೇರುವ ಎಸ್‌ಐ ಕೀಲುಗಳಲ್ಲಿ. ಬರೀ ಸೊಂಟದ ಎಂಆರ್‌ಐಯಲ್ಲಿ ಅದು ತಪ್ಪಿಹೋಗಬಹುದು. ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞರ ಹತ್ತಿರ ಹೋಗಿ, ಆ ಕೀಲುಗಳ ಎಂಆರ್‌ಐ ಬೇಕಾ ಅಂತ ಕೇಳಿ. ರಾತ್ರಿ ಎರಡು ಮೂರು ಗಂಟೆಗೆ ನೋವಿನಿಂದ ಎಚ್ಚರವಾಗುತ್ತದಾ, ಕಣ್ಣು ಕೆಂಪಾಗಿ ನೋವು ಬಂದಿತ್ತಾ, ಅದನ್ನೂ ಹೇಳಿ.

ಪ್ರಶ್ನೆ: ಎಂಆರ್‌ಐಗೆ ತಾಳಿ, ಕಾಲುಂಗುರ ತೆಗೆಯಲೇಬೇಕಾ? ಮತ್ತೆ ಮನೆಯಲ್ಲಿ ಹದಿನೈದು ವರ್ಷದ ಹಳೇ ಎಕ್ಸ್‌ರೇ ಫಿಲ್ಮುಗಳ ರಾಶಿ ಇದೆ, ಎಸೆಯಬಹುದಾ? — ಗೃಹಿಣಿ, ಹಾಸನ

ಉತ್ತರ: ತೆಗೆಯಬೇಕು. ಚಿನ್ನ, ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ಆದರೆ ಬಿಸಿಯಾಗಬಹುದು, ಫೋಟೋ ಕೆಡಬಹುದು, ಕೊಂಡಿಯಲ್ಲಿ ಬೇರೆ ಲೋಹ ಬೆರೆತಿರಲೂಬಹುದು. ತಾಳಿಯನ್ನು ಅರ್ಧ ಗಂಟೆ ಅರಿಶಿನದ ದಾರಕ್ಕೆ ಬದಲಿಸಿಕೊಂಡು ಬರುವವರಿದ್ದಾರೆ. ಹೇರ್‌ಪಿನ್, ಸೀರೆಯ ಸೇಫ್ಟಿ ಪಿನ್ ಮರೆಯಬೇಡಿ, ಅವು ನಿಜವಾಗಿಯೂ ಹಾರುತ್ತವೆ. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ತಲೆಯೊಳಗಿನ ಕ್ಲಿಪ್ ಇದ್ದರೆ ಬುಕ್ ಮಾಡುವಾಗಲೇ ಹೇಳಿ.

ಫಿಲ್ಮುಗಳಲ್ಲಿ ಬೆನ್ನಿನದು, ಎದೆಯದು ಒಂದೊಂದು ಇಟ್ಟುಕೊಳ್ಳಿ, ಹೊಸದರ ಜೊತೆ ಹೋಲಿಸಿ ನೋಡಲು ಬಹಳ ಉಪಯೋಗ. ರಿಪೋರ್ಟ್ ಚೀಟಿ ಎಲ್ಲವೂ ಇರಲಿ. ಮಿಕ್ಕ ಫಿಲ್ಮುಗಳನ್ನು ಹರಿದು ಎಸೆಯಿರಿ. ಮಕ್ಕಳ ಕೈಗೆ ಗ್ರಹಣ ನೋಡಲು ಮಾತ್ರ ಕೊಡಬೇಡಿ, ಎಕ್ಸ್‌ರೇ ಫಿಲ್ಮು ಕಣ್ಣು ಕಾಯುವುದಿಲ್ಲ.